ಸ್ಟ್ರಾವಾ: ಓಟ ನಿಮ್ಮದು, ದಾರಿ ಎಲ್ಲರದು

ಓಟ, ಸೈಕಲ್ ಸವಾರಿಗಳನ್ನು ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಯಾರದೋ ಒಂದು ಓಟದ ಪುಟ ತೆರೆದರೆ ಮೇಲೆ ಹೆಸರು, ಫೋಟೊ ಕಾಣುತ್ತವೆ. ಕೆಳಗೆ ದಿನಾಂಕ, ಹೊರಟ ಗಂಟೆ, ನಿಮಿಷ. ನಕ್ಷೆಯ ಮೇಲಿನ ಗೆರೆ ನೋಡಿದರೆ ಅವರು ಯಾವ ಅಡ್ಡರಸ್ತೆಯಿಂದ ಹೊರಟರು, ಎಲ್ಲಿ ತಿರುಗಿದರು, ಎಲ್ಲಿ ನಿಂತರು ಎಂಬುದೆಲ್ಲ ತಿಳಿಯುತ್ತದೆ. ಪ್ರತಿ ಕಿಲೋಮೀಟರಿಗೆ ಹಿಡಿದ ಸಮಯ, ಏರಿದ ಎತ್ತರ, ಕೆಲವರದಾದರೆ ಎದೆಬಡಿತದ ಲೆಕ್ಕವೂ ಉಂಟು. ಕೈಗೆ ಕಟ್ಟಿದ ವಾಚು ಯಾವುದು, ಕಾಲಿಗೆ ಹಾಕಿದ ಶೂ ಯಾವುದು, ಜೊತೆಗೆ ಓಡಿದವರು ಯಾರು ಎಂಬುದೂ ಅಲ್ಲೇ ಸಿಗಬಹುದು. ಖಾತೆ ಎಲ್ಲರಿಗೂ ತೆರೆದಿದ್ದರೆ ಇಷ್ಟನ್ನು ನೋಡಲು ಪರಿಚಯ ಬೇಕಿಲ್ಲ, ಅನುಮತಿಯೂ ಬೇಕಿಲ್ಲ. ಒಂದು ಉಚಿತ ಖಾತೆ ಸಾಕು.

ಒಂದು ದಿನದ ಪುಟ ಹೇಳುವುದು ಕಡಿಮೆ. ಮೂರು ತಿಂಗಳ ಪುಟಗಳನ್ನು ಸಾಲಾಗಿ ನೋಡಿದವರಿಗೆ ಮಾತ್ರ ಆ ವ್ಯಕ್ತಿಯ ಮನೆ ಯಾವ ಬೀದಿಯಲ್ಲಿದೆ, ವಾರದ ಯಾವ ದಿನಗಳಲ್ಲಿ ಕತ್ತಲಿರುವಾಗಲೇ ಹೊರಡುತ್ತಾರೆ, ಯಾವಾಗ ಒಬ್ಬರೇ ಓಡುತ್ತಾರೆ, ಪರವೂರಿಗೆ ಹೋದಾಗ ಯಾವ ಬಡಾವಣೆಯಲ್ಲಿ ಉಳಿಯುತ್ತಾರೆ ಎಂಬುದೆಲ್ಲ ತಿಳಿದುಹೋಗುತ್ತದೆ. ಸ್ಟ್ರಾವಾವನ್ನು ಅಳೆಯಬೇಕಾದದ್ದು ಈ ದಿನಚರಿಯ ಮಟ್ಟದಲ್ಲಿ. ಅದರ ಕುರಿತ ಚರ್ಚೆ ಮಾತ್ರ ಬಹುಪಾಲು ನಕ್ಷೆಯ ಸುತ್ತಲೇ ನಿಂತುಬಿಟ್ಟಿದೆ.

ಅದಕ್ಕೂ ಮೊದಲು ಸ್ಟ್ರಾವಾ ಇಷ್ಟು ಜನರನ್ನು ಯಾಕೆ ಹಿಡಿದಿಟ್ಟುಕೊಂಡಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಹಾರ್ವರ್ಡ್‌ನಲ್ಲಿ ಓದುವಾಗ ದೋಣಿ ಹುಟ್ಟು ಹಾಕುವ ತಂಡದಲ್ಲಿದ್ದ ಮಾರ್ಕ್ ಗೇನಿ ಮತ್ತು ಮೈಕೆಲ್ ಹೊರ್ವಾತ್ 2009ರಲ್ಲಿ ಇದನ್ನು ಆರಂಭಿಸಿದರು. ಕಾಲೇಜು ಮುಗಿದ ಮೇಲೆ ಕಳೆದುಹೋದ ತಂಡದ ಒಡನಾಟವನ್ನು ಬೇರೆ ರೂಪದಲ್ಲಿ ಮರಳಿ ಪಡೆಯುವುದು ಅವರ ಆಸೆಯಾಗಿತ್ತು. ಆ ಆಸೆ ಬಹುಮಟ್ಟಿಗೆ ನೆರವೇರಿದೆ. 2022ರ ಹೊತ್ತಿಗೆ ಬಳಕೆದಾರರ ಸಂಖ್ಯೆ ಹತ್ತು ಕೋಟಿ ದಾಟಿತ್ತು. ಬೆಂಗಳೂರಿನ ಸೈಕಲ್ ಸವಾರರು ನಸುಕಿನಲ್ಲಿ ನಂದಿಬೆಟ್ಟ ಹತ್ತಿ ಬಂದರೆ, ಅದೇ ಏರನ್ನು ಹಿಂದೆ ಹತ್ತಿದ ಸಾವಿರಾರು ಜನರ ಸಮಯದ ಪಕ್ಕದಲ್ಲಿ ಅವರ ಸಮಯವೂ ನಿಲ್ಲುತ್ತದೆ. ರಸ್ತೆಯ ಒಂದು ತುಂಡನ್ನು ಎಲ್ಲರ ಓಟದ ಪಂದ್ಯವಾಗಿಸುವ ಈ ‘ಸೆಗ್ಮೆಂಟ್’ ಸ್ಟ್ರಾವಾದ ನಿಜವಾದ ಸೃಷ್ಟಿ. ಕಬ್ಬನ್ ಪಾರ್ಕಿನಲ್ಲಿ ಮೊದಲ ಸಲ ನಿಲ್ಲದೆ ಐದು ಕಿಲೋಮೀಟರ್ ಓಡಿದವರಿಗೆ ಹೆಸರೂ ಗೊತ್ತಿಲ್ಲದವರು ಕಳಿಸುವ ‘ಕುಡೋಸ್’ ಎಂಬ ಮೆಚ್ಚುಗೆಯ ಗುರುತು ಮರುದಿನ ಬೆಳಗ್ಗೆ ಎದ್ದು ಹೊರಡಲು ಕಾರಣವಾಗುತ್ತದೆ. ಅಪರಿಚಿತರ ಪ್ರೋತ್ಸಾಹ ಇಲ್ಲಿ ಸುಳ್ಳಲ್ಲ. ಆದ್ದರಿಂದಲೇ ಅಪರಿಚಿತರನ್ನೆಲ್ಲ ಹೊರಗಿಡಿ ಎಂಬ ಸುಲಭದ ಸಲಹೆ ಇಲ್ಲಿ ನಡೆಯುವುದಿಲ್ಲ.

ತೊಂದರೆ ಇರುವುದು ಬಾಗಿಲನ್ನು ಯಾರು, ಯಾವಾಗ ತೆರೆಯುತ್ತಾರೆ ಎಂಬಲ್ಲಿ. ವಯಸ್ಕರೊಬ್ಬರು ಖಾತೆ ತೆರೆದಾಗ ಪ್ರೊಫೈಲ್ ಮತ್ತು ಚಟುವಟಿಕೆಗಳು ಮೊದಲಿಗೇ ‘ಎಲ್ಲರಿಗೂ’ ಎಂಬ ಆಯ್ಕೆಯಲ್ಲಿರುತ್ತವೆ. ಅಂಥ ಖಾತೆಯನ್ನು ಯಾರು ಬೇಕಾದರೂ ಫಾಲೋ ಮಾಡಬಹುದು. ಒಪ್ಪಿಗೆ ಕೇಳುವ ಹಂತವೇ ಇಲ್ಲ, ‘ಇಂಥವರು ನಿಮ್ಮನ್ನು ಫಾಲೋ ಮಾಡುತ್ತಿದ್ದಾರೆ’ ಎಂಬ ಸೂಚನೆ ಮಾತ್ರ ಬರುತ್ತದೆ. ಪ್ರೊಫೈಲನ್ನು ಫಾಲೋವರ್‌ಗಳಿಗೆ ಸೀಮಿತಗೊಳಿಸಿದರಷ್ಟೇ ಒಪ್ಪುವ, ನಿರಾಕರಿಸುವ ಅವಕಾಶ ಸಿಗುತ್ತದೆ. ಪ್ರೊಫೈಲಿನ ಗೋಚರತೆ ಒಂದು ಕಡೆ, ಚಟುವಟಿಕೆಯದು ಇನ್ನೊಂದು ಕಡೆ, ನಕ್ಷೆಯದು ಮತ್ತೊಂದು, ಎಲ್ಲರ ಓಟಗಳನ್ನು ಒಂದೇ ನಕ್ಷೆಯಲ್ಲಿ ಬೆಳಗಿಸಿ ತೋರಿಸುವ ‘ಹೀಟ್‌ಮ್ಯಾಪ್’ಗೆ ಮಾಹಿತಿ ಕೊಡುವುದು ಮಗದೊಂದು. ಮೊದಲ ದಿನ ಶೂ ಕಟ್ಟಿಕೊಂಡು ಹೊರಟವರು ಇಷ್ಟನ್ನೂ ಓದಿ ಸರಿಪಡಿಸಿಕೊಳ್ಳಲಿ ಎಂದು ಬಯಸುವುದು ನ್ಯಾಯವಲ್ಲ.

ಈ ವಿನ್ಯಾಸದ ಬೆಲೆ ಜಗತ್ತಿಗೆ ಮೊದಲು ಕಂಡದ್ದು ಸೈನಿಕರ ಮೂಲಕ. 2017ರ ನವೆಂಬರಿನಲ್ಲಿ ಸ್ಟ್ರಾವಾ ನೂರು ಕೋಟಿ ಚಟುವಟಿಕೆಗಳನ್ನು ಒಟ್ಟುಗೂಡಿಸಿದ ಜಾಗತಿಕ ಹೀಟ್‌ಮ್ಯಾಪ್ ಪ್ರಕಟಿಸಿತು. 2018ರ ಜನವರಿಯಲ್ಲಿ ನೇಥನ್ ರೂಸರ್ ಎಂಬ ಇಪ್ಪತ್ತು ವರ್ಷದ ಆಸ್ಟ್ರೇಲಿಯಾದ ವಿದ್ಯಾರ್ಥಿ ಅದರಲ್ಲಿ ಸೇನಾ ನೆಲೆಗಳು ಎದ್ದು ಕಾಣುವುದನ್ನು ತೋರಿಸಿಕೊಟ್ಟ. ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಮರುಭೂಮಿಯಲ್ಲಿ ವ್ಯಾಯಾಮ ಮಾಡಿದ ಸೈನಿಕರ ಹೆಜ್ಜೆಗಳು ಬೆಳಗುತ್ತಿದ್ದವು. ಅದೇ ವರ್ಷದ ಜುಲೈನಲ್ಲಿ ಪೋಲಾರ್ ಕಂಪನಿಯ ಆ್ಯಪ್‌ನಲ್ಲೂ ಇಂಥದೇ ಸೋರಿಕೆ ಪತ್ತೆಯಾಯಿತು. ಅಲ್ಲಿ ಸೈನಿಕರ, ಗುಪ್ತಚರ ಸಿಬ್ಬಂದಿಯ ಮನೆಗಳನ್ನೂ ಹುಡುಕಬಹುದಾಗಿತ್ತು. ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್, ಕಾರ್ಯಾಚರಣೆಯ ಪ್ರದೇಶಗಳಲ್ಲಿ ಸ್ಥಳ ಗುರುತಿಸುವ ಸಾಧನಗಳ ಬಳಕೆಯನ್ನು ನಿಷೇಧಿಸಿತು.

ಈ ಕತೆ ಹಲವರಿಗೆ ಗೊತ್ತು. ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು 2022ರ ಜೂನಿನಲ್ಲಿ ಇಸ್ರೇಲಿನ ಫೇಕ್‌ರಿಪೋರ್ಟರ್ ಸಂಸ್ಥೆ ಬಯಲಿಗೆಳೆದ ಪ್ರಕರಣ. ಅನಾಮಧೇಯ ಬಳಕೆದಾರನೊಬ್ಬ ಇಸ್ರೇಲಿನ ಸೇನಾ ನೆಲೆಗಳ ಒಳಗೆ ಓಡಿದಂತೆ ನಕಲಿ ಜಿಪಿಎಸ್ ದಾಖಲೆ ತಯಾರಿಸಿ ಅಪ್‌ಲೋಡ್ ಮಾಡಿ, ಅಲ್ಲಿ ಸೆಗ್ಮೆಂಟುಗಳನ್ನು ಹುಟ್ಟಿಸಿದ್ದ. ಆ ಜಾಗದಲ್ಲಿ ನಿಜವಾಗಿ ಓಡಿದ ಸುಮಾರು ನೂರು ಜನರ ಮಾಹಿತಿ ಅವನ ಮುಂದೆ ಪಟ್ಟಿಯಾಗಿ ನಿಂತಿತು. ಖಾಸಗಿತನದ ಬಗ್ಗೆ ಎಚ್ಚರ ವಹಿಸಿದ್ದ ಕೆಲವರೂ ಅದರಲ್ಲಿದ್ದರು. ಅವನು ಒಂದು ಬೀಗವನ್ನೂ ಮುರಿದಿರಲಿಲ್ಲ. ಎಲ್ಲರಿಗೂ ಇಷ್ಟವಾದ ಸೌಲಭ್ಯವೊಂದನ್ನು, ಅದು ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಬಳಸಿದ್ದ.

2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ‘ಲೆ ಮೊಂಡ್’ ಪತ್ರಿಕೆ ಮ್ಯಾಕ್ರಾನ್, ಬೈಡನ್, ಪುಟಿನ್ ಅವರ ಅಂಗರಕ್ಷಕರನ್ನು ಸ್ಟ್ರಾವಾದಲ್ಲೇ ಹಿಂಬಾಲಿಸಿ, ನಾಯಕರು ಉಳಿದುಕೊಳ್ಳುವ ಸ್ಥಳಗಳನ್ನು ಊಹಿಸಬಹುದೆಂದು ತೋರಿಸಿತು. ಮೂರು ತಿಂಗಳ ನಂತರ ಫ್ರಾನ್ಸಿನದೇ ಬ್ರೆಸ್ಟ್ ಬಳಿಯ ಇಲ್ ಲಾಂಗ್ ನೆಲೆಯ ಅಣು ಜಲಾಂತರ್ಗಾಮಿ ಸಿಬ್ಬಂದಿಯ ಸರದಿ ಬಂತು. ಗುಟ್ಟು ಕಾಪಾಡುವುದನ್ನೇ ವೃತ್ತಿಯಾಗಿ ಕಲಿತವರು, ಮೇಲಧಿಕಾರಿಗಳ ಆದೇಶವಿದ್ದವರು, ಹಿಂದಿನ ಹಗರಣಗಳ ಸುದ್ದಿ ಓದಿದ್ದವರು ಕೂಡ ಈ ಸೆಟ್ಟಿಂಗುಗಳಲ್ಲಿ ಎಡವಿದ್ದಾರೆ ಎಂದರೆ, ಜವಾಬ್ದಾರಿಯನ್ನೆಲ್ಲ ಬಳಕೆದಾರರ ಎಚ್ಚರದ ಮೇಲೆ ಹೊರಿಸುವ ವಾದ ಉಳಿಯುವುದಿಲ್ಲ. ‘ಆಯ್ಕೆಗಳನ್ನು ಕೊಟ್ಟಿದ್ದೇವಲ್ಲ’ ಎಂಬುದು ಸಾಲದ ಉತ್ತರ.

ಕೊಟ್ಟ ಆಯ್ಕೆಗಳಾದರೂ ಎಷ್ಟು ಗಟ್ಟಿ? ಮನೆಯ ಸುತ್ತ ಒಂದು ಮರೆಯ ವಲಯ ಹಾಕಿಕೊಳ್ಳುವ ಸೌಲಭ್ಯ ಸ್ಟ್ರಾವಾದಲ್ಲಿ ಬಹಳ ಹಿಂದಿನಿಂದ ಇದೆ. ಆ ವೃತ್ತದೊಳಗಿನ ದಾರಿ ಬೇರೆಯವರಿಗೆ ಕಾಣದು, ಗೆರೆ ವೃತ್ತದ ಅಂಚಿನಲ್ಲಿ ಕಡಿದುಹೋಗುತ್ತದೆ. ಆದರೆ ಒಬ್ಬರು ಇಂದು ಪೂರ್ವಕ್ಕೆ, ನಾಳೆ ದಕ್ಷಿಣಕ್ಕೆ, ನಾಡಿದ್ದು ಉತ್ತರಕ್ಕೆ ಓಡಿದರೆ ಕಡಿದ ತುದಿಗಳು ಮೂರಾಗುತ್ತವೆ. ಮೂರು ಬಿಂದುಗಳ ಮೂಲಕ ಹಾದುಹೋಗುವ ವೃತ್ತ ಒಂದೇ, ಅದರ ಕೇಂದ್ರ ಕಂಡುಹಿಡಿಯುವುದು ಹೈಸ್ಕೂಲಿನ ರೇಖಾಗಣಿತ. ಮೊದಲಿನ ವ್ಯವಸ್ಥೆಯಲ್ಲಿ ಆ ಕೇಂದ್ರವೇ ಮನೆಯಾಗಿರುತ್ತಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ವಲಯ ಬಳಸುತ್ತಿದ್ದವರಲ್ಲಿ ಶೇ 84ರವರೆಗಿನ ಜನರ ಮರೆಮಾಡಿದ ಸ್ಥಳವನ್ನು ಪತ್ತೆಹಚ್ಚಬಹುದೆಂದು ತೋರಿಸಿದರು. ಆಮೇಲೆ ರಕ್ಷಣೆಯನ್ನು ಬಿಗಿಗೊಳಿಸಲಾಯಿತು. 2022ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು ಬೇರೊಂದು ಬಿರುಕು ಕಂಡರು: ನಕ್ಷೆಯಿಂದ ದಾರಿಯ ತುಂಡನ್ನು ತೆಗೆದರೂ ಓಡಿದ ಒಟ್ಟು ದೂರದಲ್ಲಿ ಅದು ಸೇರಿಕೊಂಡೇ ಇರುತ್ತಿತ್ತು. ಕಾಣುವ ಗೆರೆಯ ಉದ್ದವನ್ನು ಒಟ್ಟು ದೂರದಿಂದ ಕಳೆದರೆ ಕಾಣದ ದಾರಿ ಎಷ್ಟುದ್ದವೆಂಬುದು ಸಿಗುತ್ತದೆ. ಅದನ್ನು ಬೀದಿಗಳ ನಕ್ಷೆಯೊಂದಿಗೆ ಹೊಂದಿಸಿ ಅವರು ಶೇ 85ರವರೆಗೂ ಮನೆಗಳನ್ನು ಗುರುತಿಸಬಲ್ಲವರಾದರು.

ಈ ಎರಡು ಅಧ್ಯಯನಗಳು ಸ್ಟ್ರಾವಾದ ವಿಮರ್ಶೆಯಲ್ಲಿ ಸೇನಾ ನೆಲೆಗಳಿಗಿಂತ ಹೆಚ್ಚು ತೂಕದವು. ಏಕೆಂದರೆ ಇಲ್ಲಿ ಪೆಟ್ಟು ತಿಂದವರು ಅಸಡ್ಡೆ ಮಾಡಿದವರಲ್ಲ. ಭಯವಿದ್ದು, ಸೆಟ್ಟಿಂಗ್ ಹುಡುಕಿ, ಮನೆಯನ್ನು ಮರೆಮಾಡಿ, ಇನ್ನು ಪರವಾಗಿಲ್ಲ ಎಂದು ನೆಮ್ಮದಿಯಿಂದ ಓಡಿದವರು. ಈಗ ಆರಂಭ ಮತ್ತು ಕೊನೆಯ ಭಾಗವನ್ನು ಎಲ್ಲಿ ಬೇಕಾದರೂ ಮರೆಮಾಡಬಹುದು, ನಕ್ಷೆಯನ್ನು ಪೂರ್ತಿ ತೆಗೆದೇಬಿಡಬಹುದು. ಅದು ನಿಜವಾದ ಸುಧಾರಣೆ.

ಖಾಸಗಿತನದ ಮಾತೆತ್ತಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಬೆಳಗ್ಗೆ ಕೆರೆ ಏರಿಯ ಮೇಲೆ ಓಡುವವರನ್ನು ಊರೆಲ್ಲ ನೋಡುತ್ತದೆ, ಆ್ಯಪ್‌ನಲ್ಲಿ ನೋಡಿದರೇನು? ಏರಿಯ ಮೇಲೆ ನೋಡುವವರು ಓಡುವವರಿಗೂ ಕಾಣುತ್ತಾರೆ. ಒಬ್ಬ ವ್ಯಕ್ತಿ ದಿನಾ ಅದೇ ಹೊತ್ತಿಗೆ ಅಲ್ಲೇ ನಿಂತಿದ್ದರೆ ಮನಸ್ಸಿಗೆ ತಟ್ಟುತ್ತದೆ, ದಾರಿ ಬದಲಿಸಬಹುದು, ಜೊತೆಗೊಬ್ಬರನ್ನು ಕರೆದುಕೊಳ್ಳಬಹುದು. ಆ್ಯಪ್‌ನಲ್ಲಿ ಪುಟ ತೆರೆದು ನೋಡಿದವರು ಯಾರೆಂದು ಓಡಿದವರಿಗೆ ತಿಳಿಯುವುದೇ ಇಲ್ಲ. ಫಾಲೋ ಮಾಡದೆಯೂ ನೋಡಬಹುದು, ಎರಡು ವರ್ಷ ಹಿಂದಿನದನ್ನೂ ನೋಡಬಹುದು. ಊರು ಮರೆಯುತ್ತದೆ, ಸರ್ವರ್ ಮರೆಯುವುದಿಲ್ಲ.

ಈ ಅಸಮಾನತೆ ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಹೆಂಗಸರಿಗೆ. 2022ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಮೊರಾಯಾ ವಿಲ್ಸನ್ ಎಂಬ ಇಪ್ಪತ್ತೈದು ವರ್ಷದ ಸೈಕ್ಲಿಂಗ್ ಪಟು, ತಾನು ಉಳಿದುಕೊಂಡಿದ್ದ ಗೆಳತಿಯ ಮನೆಯಲ್ಲಿ ಗುಂಡೇಟಿಗೆ ಬಲಿಯಾದಳು. ಅವಳ ಓಡಾಟ ತಿಳಿಯಲು ಆರೋಪಿ ಮಹಿಳೆ ಸ್ಟ್ರಾವಾ ಬಳಸಿದ್ದಳೆಂದು 2023ರ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಹೇಳಿತು. ಅಪರಾಧಿಗೆ 90 ವರ್ಷಗಳ ಸೆರೆವಾಸ ವಿಧಿಸಲಾಯಿತು. ಕೊಲೆಗೆ ಆ್ಯಪ್ ಕಾರಣವೆಂದು ಯಾರೂ ಹೇಳಲಾರರು. ಆದರೆ ಯಾರಿಗೆ ಏನು ಕಾಣಬೇಕೆಂಬುದು ಒಂದು ಜೀವದ ಪ್ರಶ್ನೆಯಾಗಬಹುದು ಎಂಬುದನ್ನು ಈ ಪ್ರಕರಣದ ನಂತರ ಅಲ್ಲಗಳೆಯುವಂತಿಲ್ಲ.

ಇಷ್ಟಿದ್ದರೂ ಸ್ಟ್ರಾವಾದ ಕೆಲವು ಸೌಲಭ್ಯಗಳು ಹುಟ್ಟಿದ್ದೇ ದಿನಚರಿಯನ್ನು ಮೆರೆಸಲು. 2020ರಲ್ಲಿ ಬಂದ ‘ಲೋಕಲ್ ಲೆಜೆಂಡ್’ ಪದವಿ ವೇಗಕ್ಕಲ್ಲ. 90 ದಿನಗಳಲ್ಲಿ ಒಂದೇ ದಾರಿಯಲ್ಲಿ ಅತಿ ಹೆಚ್ಚು ಸಲ ಓಡಿದವರಿಗೆ ಅದು ಸಲ್ಲುತ್ತದೆ. ವೇಗವಿಲ್ಲದವರಿಗೂ ಗೌರವ ಕೊಡುವ ಒಳ್ಳೆಯ ಕಲ್ಪನೆ ಇದು. ಮತ್ತೊಂದು ಬದಿಯಿಂದ ನೋಡಿದರೆ, ಈ ದಾರಿಯಲ್ಲಿ ಯಾರನ್ನು ಖಚಿತವಾಗಿ ಕಾಣಬಹುದು ಎಂಬ ಹಾಜರಿಪಟ್ಟಿ. ಅದೇ ರೀತಿ ‘ಫ್ಲೈಬೈ’ ಎಂಬುದು ಓಟದ ನಡುವೆ ಎದುರಾದ ಅಪರಿಚಿತರು ಯಾರೆಂದು ಆಮೇಲೆ ತೋರಿಸುತ್ತಿತ್ತು. ರಸ್ತೆಯಲ್ಲಿ ಕ್ಷಣಮಾತ್ರ ಹಾದುಹೋದ ಹೆಂಗಸಿನ ಹೆಸರು, ಫೋಟೊ, ಅವಳ ಪೂರ್ತಿ ದಾರಿ ಮನೆಗೆ ಬಂದು ಕೂತವರ ಫೋನಿನಲ್ಲಿ ಸಿಗುವುದೆಂದರೇನು ಎಂಬ ಆಕ್ಷೇಪ ಎದ್ದ ಮೇಲೆ, 2020ರ ಕೊನೆಯ ಭಾಗದಲ್ಲಿ ಸ್ಟ್ರಾವಾ ಅದನ್ನು ಡಿಫಾಲ್ಟ್ ಆಗಿ ಮುಚ್ಚಿತು. ಬೇಕಾದವರು ತಾವಾಗಿ ತೆರೆದುಕೊಳ್ಳಬೇಕು. ಕಂಪನಿಯ ಅತ್ಯುತ್ತಮ ನಿರ್ಧಾರ ಇದೇ. ಫ್ಲೈಬೈಗೆ ಒಪ್ಪುವ ತರ್ಕ ಫಾಲೋ ಬಟನ್ನಿಗೆ ಯಾಕೆ ಒಪ್ಪುವುದಿಲ್ಲ?

ಕಾರಣ ಆಟದ ನಿಯಮದಲ್ಲೇ ಇದೆ. ಓಟವನ್ನು ಫಾಲೋವರ್‌ಗಳಿಗೆ ಮಾತ್ರ ಸೀಮಿತಗೊಳಿಸಿದರೆ ಸೆಗ್ಮೆಂಟಿನ ಲೀಡರ್‌ಬೋರ್ಡಿನಲ್ಲಿ ಹೆಸರು ಬರುವುದಿಲ್ಲ. ನಂದಿಯ ಏರಿನಲ್ಲಿ ತನ್ನ ಸ್ಥಾನ ಪಟ್ಟಿಯಲ್ಲಿ ಕಾಣಬೇಕೆಂದು ಬಯಸುವ ಮಹಿಳೆ ಆ ಓಟವನ್ನು ಲೋಕಕ್ಕೆಲ್ಲ ತೆರೆಯಬೇಕು. ಸುರಕ್ಷತೆಯನ್ನು ಆರಿಸಿಕೊಂಡವರು ಆಟದಿಂದ ಹೊರಗುಳಿಯುವಂತೆ ಮಾಡುವ ಈ ಕಟ್ಟು ಸ್ಟ್ರಾವಾದ ಅತಿ ದೊಡ್ಡ ದೋಷ. ಸಮಯವನ್ನು ಪಟ್ಟಿಗೆ ಕೊಟ್ಟು, ನಕ್ಷೆಯನ್ನೂ ಹೊರಟ ಗಂಟೆಯನ್ನೂ ತನ್ನಲ್ಲೇ ಇಟ್ಟುಕೊಳ್ಳುವ ಸರಳ ಆಯ್ಕೆಯನ್ನು ಮೊದಲ ದಿನವೇ ಎದುರಿಗಿಡಬಹುದು. ಓಟವನ್ನು ಒಂದು ದಿನ ತಡವಾಗಿ ಪ್ರಕಟಿಸುವುದೂ ತಾಂತ್ರಿಕವಾಗಿ ಕಷ್ಟದ್ದಲ್ಲ. ಆ್ಯಪಲ್ ವಾಚಿನಲ್ಲಿ ವ್ಯಾಯಾಮದ ವಿವರ ಹಂಚಿಕೊಳ್ಳಲು ಆಹ್ವಾನ ಕಳಿಸಬೇಕು, ಎದುರಿನವರು ಒಪ್ಪಬೇಕು. ಆ ಬಳಗದ ಮಿತಿ ನಲವತ್ತು ಜನ. ಅಲ್ಲಿ ಸ್ಟ್ರಾವಾದ ಸಡಗರವಿಲ್ಲ, ನಿಜ. ಆದರೆ ಒಪ್ಪಿಗೆಯೇ ಆರಂಭದ ನಿಯಮವಾಗಿರಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಮೊಕದ್ದಮೆಯಲ್ಲಿ. ಆ ತೀರ್ಪಿನ ನಂತರದ ದಾರಿಯಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್, ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡುತ್ತದೆ. ಸೆಟ್ಟಿಂಗನ್ನೇ ನೋಡದ ಓಟಗಾರ್ತಿ ತನ್ನ ಬೆಳಗಿನ ದಾರಿಯನ್ನು ‘ತಾನಾಗಿ’ ಸಾರ್ವಜನಿಕಗೊಳಿಸಿದಳೇ, ಅಥವಾ ಕಂಪನಿ ಅವಳ ಪರವಾಗಿ ಆ ಕೆಲಸ ಮಾಡಿತೇ? ಯುರೋಪಿನ ಜಿಡಿಪಿಆರ್ ಕಾನೂನಿನ 25ನೇ ವಿಧಿ ಈ ವಿಷಯದಲ್ಲಿ ಖಚಿತ: ವ್ಯಕ್ತಿ ಮಧ್ಯಪ್ರವೇಶಿಸದೆ ಅವರ ಮಾಹಿತಿ ಲೆಕ್ಕವಿಲ್ಲದಷ್ಟು ಜನರಿಗೆ ಡಿಫಾಲ್ಟ್ ಆಗಿ ಸಿಗುವಂತಿರಬಾರದು. ಭಾರತದ ಕಾಯ್ದೆಯಲ್ಲಿ ಇಂಥದೊಂದು ವಾಕ್ಯ ಇರಬೇಕಿತ್ತು.

ಅಂಥ ವಾಕ್ಯ ಬರುವವರೆಗೆ ಕೆಲಸ ಓಡುವವರದೇ. ಪ್ರೊಫೈಲನ್ನೂ ಚಟುವಟಿಕೆಗಳನ್ನೂ ಫಾಲೋವರ್‌ಗಳಿಗೆ ಸೀಮಿತಗೊಳಿಸುವುದು, ನಕ್ಷೆಯ ಎರಡೂ ತುದಿಗಳನ್ನು ಧಾರಾಳವಾಗಿ ಮರೆಮಾಡುವುದು, ಹೀಟ್‌ಮ್ಯಾಪ್‌ಗೆ ಮಾಹಿತಿ ಕೊಡುವುದನ್ನು ನಿಲ್ಲಿಸುವುದು, ಈಗಿರುವ ಫಾಲೋವರ್‌ಗಳ ಪಟ್ಟಿ ತೆರೆದು ಗುರುತಿಲ್ಲದವರನ್ನು ತೆಗೆಯುವುದು. ರನ್ನಿಂಗ್ ಕ್ಲಬ್ಬುಗಳು ಹೊಸಬರಿಗೆ ಶೂ ಆರಿಸುವುದನ್ನು ಹೇಳಿಕೊಡುವ ದಿನವೇ ಇದನ್ನೂ ಹೇಳಿಕೊಡಬಹುದು. ಒಂದು ಸಂಗತಿ ಮಾತ್ರ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಚಟುವಟಿಕೆಗಳ ಗೋಚರತೆಯನ್ನು ಇಂದು ಬದಲಿಸಿದರೆ ಅದು ಇಂದಿನಿಂದ ಮುಂದಿನ ಓಟಗಳಿಗಷ್ಟೇ ಅನ್ವಯ. ನಿನ್ನೆಯವರೆಗಿನವು ಇದ್ದಂತೆಯೇ ತೆರೆದಿರುತ್ತವೆ. ಅವನ್ನು ಮುಚ್ಚಲು ಹಳೆಯ ಚಟುವಟಿಕೆಗಳನ್ನು ಒಟ್ಟಾಗಿ ತಿದ್ದುವ ಬೇರೆಯೇ ಆಯ್ಕೆಯನ್ನು ಖಾಸಗಿತನದ ಸೆಟ್ಟಿಂಗುಗಳಲ್ಲಿ ಹುಡುಕಿ ಒತ್ತಬೇಕು.