ಉತ್ತರ 42, ಪ್ರಶ್ನೆ ಯಾವುದು?

ವಿಜ್ಞಾನ ಕಾದಂಬರಿ ಎಂದೊಡನೆ ಮನಸ್ಸಿಗೆ ಬರುವುದು ಅಂತರಿಕ್ಷ ನೌಕೆ, ಯಂತ್ರಮಾನವ, ಅನ್ಯಗ್ರಹ ಜೀವಿಗಳು. ಇವನ್ನೇ ಇಟ್ಟುಕೊಂಡು ನಗಿಸುವ ಕಾದಂಬರಿಗಳೂ ಇವೆ. ಇಂಥವು ವಿಜ್ಞಾನವನ್ನು ಹಗುರ ಮಾಡುತ್ತವೆ ಎಂದು ಆಕ್ಷೇಪಿಸುವವರುಂಟು. ಇದು ಎಷ್ಟು ಸರಿ? ಈ ಪ್ರಕಾರದ ಅತಿ ಪ್ರಸಿದ್ಧ ಕೃತಿಯೊಂದನ್ನೇ ತೆಗೆದುಕೊಂಡು ನೋಡೋಣ.

ಇಂಗ್ಲೆಂಡಿನ ಡಗ್ಲಾಸ್ ಆಡಮ್ಸ್ (1952-2001) ಬರೆದ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' 1978ರಲ್ಲಿ ಬಿಬಿಸಿ ರೇಡಿಯೊದಲ್ಲಿ ಸರಣಿಯಾಗಿ ಪ್ರಸಾರವಾಗಿ, ಮರುವರ್ಷ ಕಾದಂಬರಿಯಾಯಿತು. ಆಡಮ್ಸ್ ಕೇಂಬ್ರಿಜ್‌ನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ.

ಆರ್ಥರ್ ಡೆಂಟ್ ಎಂಬ ಸಾಮಾನ್ಯನ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವಲು ಬುಲ್ಡೋಜರ್ ಬಂದಿರುತ್ತದೆ. ಅದೇ ದಿನ ಅಂತರಿಕ್ಷದ ಬೈಪಾಸ್‌ಗಾಗಿ ಭೂಮಿಯನ್ನೇ ಕೆಡವಲು ವೋಗನ್ನರು ಬರುತ್ತಾರೆ. ಯೋಜನೆಯ ನಕ್ಷೆಯನ್ನು ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ 50 ವರ್ಷ ಪ್ರದರ್ಶನಕ್ಕೆ ಇಟ್ಟಿದ್ದೆವು, ಈಗ ತಕರಾರು ಮಾಡಿ ಫಲವಿಲ್ಲ ಎಂಬುದು ಅವರ ಸಮಜಾಯಿಷಿ. ಕಚೇರಿಗಳ ರೀತಿ ಬಲ್ಲವರು ಇಲ್ಲಿ ನಗುತ್ತಾರೆ. ಆಲ್ಫಾ ಸೆಂಟಾರಿ ಸುಮಾರು 4.4 ಜ್ಯೋತಿರ್ವರ್ಷ ದೂರದಲ್ಲಿದೆ, ವೊಯೇಜರ್-1ರ ವೇಗದಲ್ಲಿ ಹೊರಟರೂ ಆ ದೂರ ಕ್ರಮಿಸಲು 70,000 ವರ್ಷಕ್ಕೂ ಹೆಚ್ಚು ಬೇಕು ಎಂದು ಬಲ್ಲವರು ಇನ್ನಷ್ಟು ನಗುತ್ತಾರೆ. ವಿಜ್ಞಾನ ತಿಳಿದಷ್ಟೂ ನಗೆ ಹೆಚ್ಚುತ್ತದೆ. ಈ ಪ್ರಕಾರದ ಮುಖ್ಯ ಆಕರ್ಷಣೆ ಇದೇ.

ಇನ್ನೊಂದು ಪ್ರಸಂಗ ನೋಡಿ. 'ಅನಂತ ಅಸಂಭವತೆ'ಯಿಂದ ಓಡುವ ನೌಕೆಯ ಯಂತ್ರವನ್ನು ತಯಾರಿಸುವುದು ಅಸಾಧ್ಯವೇ ಸರಿ ಎಂದು ಭೌತವಿಜ್ಞಾನಿಗಳು ಕೈಚೆಲ್ಲಿರುತ್ತಾರೆ. ಒಬ್ಬ ವಿದ್ಯಾರ್ಥಿ, ಬಹುತೇಕ ಅಸಾಧ್ಯ ಎಂದರೆ ಅದರ ಅಸಂಭವತೆಗೂ ಒಂದು ಬೆಲೆ ಇರಬೇಕು ಎಂದು ತರ್ಕಿಸಿ, ಆ ಬೆಲೆಯನ್ನು ಲೆಕ್ಕಹಾಕಿ, ಬ್ರೌನಿಯನ್ ಚಲನೆಗಾಗಿ ಒಂದು ಕಪ್ ಬಿಸಿ ಚಹಾ ಇಟ್ಟು, ಯಂತ್ರವನ್ನು ಪಡೆದೇಬಿಡುತ್ತಾನೆ! ಬಿಸಿ ದ್ರವದ ಅಣುಗಳ ಯಾದೃಚ್ಛಿಕ ಚಲನೆ ನಿಜ. ಕೋಣೆಯ ಗಾಳಿಯ ಅಣುಗಳೆಲ್ಲ ಒಂದೇ ಮೂಲೆಗೆ ಸೇರುವ ಸಂಭವತೆ ಸೊನ್ನೆಯಲ್ಲ ಎಂಬುದೂ ನಿಜ. ಹಾಗಾದರೆ ತರ್ಕ ತಪ್ಪಿದ್ದು ಎಲ್ಲಿ? ಸಂಭವತೆಯ ಬೆಲೆ ತಿಳಿದ ಮಾತ್ರಕ್ಕೆ ಘಟನೆಯನ್ನು ನಡೆಸುವ ಶಕ್ತಿ ಬರುವುದಿಲ್ಲ. ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

ಕೃತಿಯ ತಿರುಳು ಮಾತ್ರ 'ಡೀಪ್ ಥಾಟ್' ಗಣಕದ ಪ್ರಸಂಗ. ಜೀವನ, ವಿಶ್ವ, ಸಮಸ್ತದ ಅಂತಿಮ ಪ್ರಶ್ನೆಗೆ ಉತ್ತರ ಹುಡುಕಲು ಅದು 75 ಲಕ್ಷ ವರ್ಷ ತೆಗೆದುಕೊಂಡು 42 ಎನ್ನುತ್ತದೆ. ಆದರೆ ಪ್ರಶ್ನೆ ಏನೆಂದು ಯಾರಿಗೂ ಗೊತ್ತಿಲ್ಲ. 42ರಲ್ಲಿ ಗೂಢಾರ್ಥ ಹುಡುಕಿದವರು ಬಹಳ. ಅದೊಂದು ಸಾದಾ ಸಂಖ್ಯೆ, ಬರಿಯ ತಮಾಷೆ ಎಂದು ಸ್ವತಃ ಆಡಮ್ಸ್ ಹೇಳಿದ್ದುಂಟು. ಗೂಢಾರ್ಥ ಇಲ್ಲದಿದ್ದರೂ ಪಾಠವಂತೂ ಇದೆ. ಏಕಮಾನ ಬರೆಯದ ಉತ್ತರಕ್ಕೆ ಅಂಕ ಕಳೆಯುವ ಶಿಕ್ಷಕರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರಶ್ನೆ ಖಚಿತವಾಗಿಲ್ಲದಿದ್ದರೆ ಎಷ್ಟು ದೊಡ್ಡ ಗಣಕದ ಉತ್ತರವೂ ನಿರರ್ಥಕ. ಕೇಳಿದ್ದಕ್ಕೆಲ್ಲ ಯಂತ್ರ ಕ್ಷಣಾರ್ಧದಲ್ಲಿ ಉತ್ತರ ಕೊಡುವ ಇಂದಿನ ದಿನಗಳಲ್ಲಿ ಈ ಮಾತಿಗೆ ಬೆಲೆ ಹೆಚ್ಚಿದೆ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಕಥೆ ನಗೆಯಿಂದ ನಗೆಗೆ ಜಿಗಿಯುತ್ತದೆ. ಕಾದಂಬರಿಗೆ ಬೇಕಾದ ಬಿಗಿ ಬಂಧವಿಲ್ಲ. ಗಣಿತ ಮತ್ತು ಖಭೌತವಿಜ್ಞಾನ ಎರಡರಲ್ಲೂ ಪದವಿ ಪಡೆದ ಟ್ರಿಲಿಯನ್‌ಗೆ ಲೇಖಕ ಹೆಚ್ಚು ಕೆಲಸವನ್ನೇ ಕೊಟ್ಟಿಲ್ಲ. ಎಲ್ಲರಿಗಿಂತ ಹೆಚ್ಚು ತಿಳಿದ ಮಹಿಳೆ ಬಹುಪಾಲು ಪ್ರೇಕ್ಷಕಿಯಾಗಿ ಉಳಿಯುವುದು ನಗೆಯ ವಿಷಯವಲ್ಲ.

ಆದರೂ ವಿಜ್ಞಾನ ಹಗುರವಾಗುತ್ತದೆ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಆಡಮ್ಸ್ ಗೇಲಿ ಮಾಡುವುದು ಮನುಷ್ಯನೇ ವಿಶ್ವದ ಕೇಂದ್ರ ಎಂಬ ನಮ್ಮ ಜಂಬವನ್ನು. ಕೊಪರ್ನಿಕಸ್‌ನ ಕಾಲದಿಂದ ಖಗೋಳವಿಜ್ಞಾನ ಮಾಡುತ್ತ ಬಂದದ್ದೂ ಅದನ್ನೇ ಅಲ್ಲವೆ? 2005ರಲ್ಲಿ ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿಡಲಾಯಿತು. ವಿಜ್ಞಾನಿಗಳು ಅವರನ್ನು ತಮ್ಮವರೆಂದೇ ಎಣಿಸಿದ್ದಾರೆ ಎನ್ನಲು ಅಷ್ಟು ಸಾಕು.