ಸ್ಕಾಟರ ಹಾಡು, ಇಂಗ್ಲಿಷರ ಹೆಸರು



ಮೊನ್ನೆ ಪೊಮೊನಾದಲ್ಲಿ ಕೆಲವರು ಕೂಡಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ (1926) ಓದಿದೆವು. ನಮಗೆಲ್ಲ ಬಾಯಿಪಾಠವಾದ ‘ಕಾರಿಹೆಗ್ಗಡೆಯ ಮಗಳು’ ಮೂಲದಲ್ಲಿ ಗ್ಲಾಸ್ಗೋದ ಥಾಮಸ್ ಕ್ಯಾಂಬೆಲ್‌ನದು. ‘ಮಾದ-ಮಾದಿ’ ರಾಬರ್ಟ್ ಬರ್ನ್ಸ್‌ನದು. ಇಬ್ಬರೂ ಸ್ಕಾಟರು! ಬರ್ನ್ಸ್ ಅಂತೂ ಹಾಡು ಕಟ್ಟಿದ್ದು ತನ್ನ ಸ್ಕಾಟ್ಸ್ ನುಡಿಯಲ್ಲೇ. ಆ ನುಡಿಗೆ ಸ್ಕಾಟರೇ ನಾಚುತ್ತಿದ್ದ ಕಾಲವದು. ತತ್ವಜ್ಞಾನಿ ಡೇವಿಡ್ ಹ್ಯೂಮ್ 1752ರಲ್ಲಿ, ಬರಹದಲ್ಲಿ ಬಿಡಬೇಕಾದ ಸ್ಕಾಟ್ ಪ್ರಯೋಗಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ್ದ.

ಇಂಥ ಕೀಳರಿಮೆ ನಮಗೂ ಇತ್ತು. 1911ರಲ್ಲಿ ಧಾರವಾಡದಲ್ಲಿ ಶ್ರೀಯವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಕುರಿತು ಮಾತಾಡಿದ್ದು ಅದಕ್ಕೇ. ಬರ್ನ್ಸ್‌ನ ಡಂಕನ್, ಮ್ಯಾಗಿ ಇಬ್ಬರೂ ಅವರ ಕೈಯಲ್ಲಿ ಅಪ್ಪಟ ಕನ್ನಡದ ಮಾದ, ಮಾದಿ ಆದರು. ಅಲ್ಲಿ ಅನುವಾದದ ಅಂಜಿಕೆಯೇ ಇಲ್ಲ. ಪುಸ್ತಕದ ಹೆಸರಿನಲ್ಲಿ ಮಾತ್ರ ‘ಇಂಗ್ಲಿಷ್’ ಉಳಿಯಿತು, ಸ್ಕಾಟರು ಕಾಣೆಯಾದರು. ದೊಡ್ಡ ನುಡಿಯ ನೆರಳು ಅಂಥದ್ದು.

ಆ ನೆರಳು ನಮ್ಮ ಮೇಲಿಲ್ಲವೇ? ಇಲ್ಲಿ ಹುಟ್ಟಿದ ಮಕ್ಕಳಿಗೆ ಕುವೆಂಪು ಅವರನ್ನು ಪರಿಚಯಿಸುವಾಗ ‘ನಮ್ಮ ವರ್ಡ್ಸ್‌ವರ್ತ್’ ಎಂದುಬಿಡುತ್ತೇವೆ. ಹಾಗಂದಾಗ ತಲೆಯೆತ್ತಿದ್ದು ಕನ್ನಡವೋ, ವರ್ಡ್ಸ್‌ವರ್ತನೋ? ಮುಂದಿನ ಸಲ ‘ಮಾದ-ಮಾದಿ’ಯನ್ನೇ ಮಕ್ಕಳೆದುರು ಗಟ್ಟಿಯಾಗಿ ಓದೋಣ, ಯಾವ ಹೋಲಿಕೆಯೂ ಇಲ್ಲದೆ. ನಗು ತಾನಾಗಿ ಬರುತ್ತದೆ.

ಏನಂತೀರಿ? ಬರೆದು ತಿಳಿಸಿ.