ಲಾಠಿ ಇಲ್ಲದ ಪೊಲೀಸರ ಬೆಲೆ

ಪೊಲೀಸು ಬಂದ ಅಂದರೆ ಕೇರಿಯಲ್ಲಿ ಮೊದಲು ಹುಡುಗರು ಮಾಯವಾಗುತ್ತಾರೆ. ಆಮೇಲೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ. ಕೊನೆಗೆ ಮುದುಕನೊಬ್ಬ ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು 'ಏನ್ ಸ್ವಾಮಿ' ಅಂತ ಮುಂದೆ ಬಂದು ನಿಲ್ಲುತ್ತಾನೆ. ದೂರು ಕೊಟ್ಟವರೂ ನಾವೇ, ಹೆದರಿ ಅವಿತುಕೊಳ್ಳುವವರೂ ನಾವೇ. ಇಂಥ ಕಡೆ ಕೂತು, ಲಾಠಿ ಇಲ್ಲದ, ಬಂಧಿಸುವ ಅಧಿಕಾರ ಇಲ್ಲದ ಪೊಲೀಸರ ಬೆಲೆ ಏನು ಅಂತ ಬರೆಯ ಹೊರಟರೆ ಗೆಳೆಯರು ನಗಬಹುದು. ನಗಲಿ. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಇಂಥವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೀದಿ ಸುತ್ತುತ್ತಿದ್ದಾರೆ. ಅವರ ಕಥೆಯಲ್ಲಿ ನಾವು ಕಲಿಯಬೇಕಾದ್ದೂ ಇದೆ, ಅನುಮಾನದಿಂದ ನೋಡಬೇಕಾದ್ದೂ ಇದೆ.

ಮೊದಲು ಒಂದು ಹಳೆಯ ಲೆಕ್ಕ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಪೊಲೀಸು ಪಡೆ ಕಟ್ಟಿದಾಗ ಸೈನಿಕರ ಕೆಂಪು ಬಣ್ಣ ಬೇಡ ಅಂತ ನೀಲಿ ಅಂಗಿ ತೊಡಿಸಿದ. ಬೀದಿ ಸುತ್ತುವವನ ಕೈಗೆ ಬಂದೂಕು ಕೊಡಲಿಲ್ಲ. ತಮ್ಮ ಜನ ಒಪ್ಪದೆ ಪೊಲೀಸು ನಡೆಯದು ಅನ್ನುವುದು ಆ ದೊರೆಗಳಿಗೆ ಗೊತ್ತಿತ್ತು. ಅದೇ ದೊರೆಗಳು 1861ರಲ್ಲಿ ಇಂಡಿಯಾಕ್ಕೆ ಪೊಲೀಸು ಕಾಯ್ದೆ ಬರೆದಾಗ ಲಂಡನ್ನಿನ ಮಾದರಿ ತರಲಿಲ್ಲ. ಐರ್ಲೆಂಡಿನ ಜನರನ್ನು ಅದುಮಿಡಲು ಕಟ್ಟಿದ್ದ ಸಶಸ್ತ್ರ ಪಡೆಯ ಮಾದರಿ ತಂದರು. ತಮ್ಮ ಮನೆಗೆ ಕಾವಲುಗಾರ, ನಮ್ಮ ಮನೆಗೆ ದಂಡಿನವ. ನಮ್ಮ ಮುದುಕ ಇವತ್ತಿಗೂ ಕಂಕುಳಲ್ಲಿ ಟವೆಲ್ಲು ಇಟ್ಟುಕೊಳ್ಳುವುದರ ಬೇರು ಅಲ್ಲಿಯೂ ಒಂದಿಷ್ಟಿದೆ.

ಹಾಗಂತ ಲಂಡನ್ನಿನ 'ಒಪ್ಪಿಗೆ' ಎಲ್ಲರ ಒಪ್ಪಿಗೆ ಆಗಿರಲಿಲ್ಲ. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದ ಕಪ್ಪು ಜನ ನೆಲೆಸಿದ್ದರು. 1981ರ ಏಪ್ರಿಲ್‌ನಲ್ಲಿ ಪೊಲೀಸರು ಒಂದು ವಾರದೊಳಗೆ ಅಲ್ಲಿ 900ಕ್ಕೂ ಹೆಚ್ಚು ಜನರನ್ನು ಬೀದಿಯಲ್ಲಿ ತಡೆದು ಜೇಬು ತಡಕಿದರು. ಆ ಕಾರ್ಯಾಚರಣೆಗೆ ಅವರು ಇಟ್ಟುಕೊಂಡ ಹೆಸರು 'ಸ್ವಾಂಪ್', ಅಂದರೆ ಜೌಗು. ಜನ ಇರುವ ಜಾಗವನ್ನು ಜೌಗು ಅಂತ ಕರೆದ ಮೇಲೆ ಉಳಿದದ್ದು ಏನು? ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್, ಪೊಲೀಸು ಜನರ ಜೊತೆ ಕೂತು ಮಾತಾಡಬೇಕು, ಕಪ್ಪು ಜನರನ್ನು ಪಡೆಗೆ ಸೇರಿಸಿಕೊಳ್ಳಬೇಕು ಅಂದರು. ಮಾತು ಕಾಗದದಲ್ಲೇ ಉಳಿಯಿತು. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟರ ಕಪ್ಪು ಹುಡುಗನನ್ನು ಬಸ್ ಕಾಯುತ್ತಿದ್ದಾಗ ಬಿಳಿಯ ಹುಡುಗರ ಗುಂಪು ಇರಿದು ಕೊಂದಿತು. ತನಿಖೆ ಹಳ್ಳ ಹಿಡಿಯಿತು. ಜನಾಂಗದ್ವೇಷ ಅಲ್ಲೊಬ್ಬ ಇಲ್ಲೊಬ್ಬ ಕೆಟ್ಟ ಪೊಲೀಸಿನವನ ಗುಣ ಅಲ್ಲ, ಸಂಸ್ಥೆಯ ಮೈಯಲ್ಲೇ ಇದೆ ಅಂತ 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಒಪ್ಪಿಕೊಂಡಿತು.

ಈ ಹಿನ್ನೆಲೆ ಒಂದು ಕಡೆ. ಬೀದಿಯಲ್ಲಿ ಪೊಲೀಸು ಕಾಣುವುದೇ ಇಲ್ಲ ಅನ್ನುವ ಜನರ ಗೊಣಗಾಟ ಇನ್ನೊಂದು ಕಡೆ. ಕಡಿಮೆ ಖರ್ಚಿನಲ್ಲಿ ಕೆಲಸ ಆಗಲಿ ಅನ್ನುವ ಸರ್ಕಾರದ ಲೆಕ್ಕ ಮತ್ತೊಂದು ಕಡೆ. ಇವೆಲ್ಲ ಕೂಡಿ 2002ರ ಪೊಲೀಸ್ ಸುಧಾರಣಾ ಕಾಯ್ದೆಯಲ್ಲಿ 'ಕಮ್ಯುನಿಟಿ ಸಪೋರ್ಟ್ ಆಫೀಸರ್' ಅನ್ನುವ ಹುದ್ದೆ ಹುಟ್ಟಿತು. ನಾವು ಸಮುದಾಯ ಸಹಾಯಕರು ಅನ್ನೋಣ. ಸಮವಸ್ತ್ರ ಇದೆ, ಸಂಬಳ ಇದೆ, ಲಾಠಿ ಇಲ್ಲ. ಕಸ ಎಸೆದವನಿಗೆ, ಕಾಲುದಾರಿಯಲ್ಲಿ ಸೈಕಲ್ಲು ಹೊಡೆದವನಿಗೆ ದಂಡ ಹಾಕಬಹುದು. ಎಳೆಯ ಹುಡುಗರ ಕೈಯಿಂದ ಹೆಂಡದ ಬಾಟಲಿ ಕಿತ್ತುಕೊಳ್ಳಬಹುದು. ಮೇಲಧಿಕಾರಿ ಅಧಿಕಾರ ಕೊಟ್ಟಿದ್ದರೆ, ಪೂರ್ಣ ಪೊಲೀಸು ಬರುವವರೆಗೆ ಒಬ್ಬನನ್ನು 30 ನಿಮಿಷ ತಡೆದು ನಿಲ್ಲಿಸಬಹುದು. ಪೊಲೀಸಿನವನಂತೆ ಬಂಧಿಸುವ ಹಾಗಿಲ್ಲ. 2017ರ ಕಾಯ್ದೆ ಅವರ ಅಧಿಕಾರವನ್ನು ಬೆಳೆಸಲು ದಾರಿ ಮಾಡಿತು, ಆದರೂ ಬಂಧನದ ಹಕ್ಕು ಪೂರ್ಣ ಪೊಲೀಸರ ಬಳಿಯೇ ಉಳಿಯಿತು.

ಪತ್ರಿಕೆಗಳು ಇವರನ್ನು 'ಪ್ಲಾಸ್ಟಿಕ್ ಪೊಲೀಸು' ಅಂತ ಹಂಗಿಸಿದವು. 2007ರಲ್ಲಿ ವಿಗನ್ ಪಟ್ಟಣದ ಹತ್ತಿರ ಹತ್ತು ವರ್ಷದ ಹುಡುಗನೊಬ್ಬ ಕೊಳದಲ್ಲಿ ಮುಳುಗಿ ಸತ್ತ. ಸ್ಥಳಕ್ಕೆ ಬಂದ ಇಬ್ಬರು ಸಹಾಯಕರು ವೈರ್‌ಲೆಸ್‌ನಲ್ಲಿ ನೆರವು ಕರೆದರು, ನೀರಿಗೆ ಇಳಿಯಲಿಲ್ಲ. ಅವರು ಬರುವ ಹೊತ್ತಿಗೆ ಹುಡುಗ ನೀರಿನ ಅಡಿ ಸೇರಿದ್ದ ಅಂತ ಅಧಿಕಾರಿಗಳು ಹೇಳಿದರು. ದೇಶವೆಲ್ಲ ಸಿಟ್ಟಾಯಿತು. ಆ ಸಿಟ್ಟು ನ್ಯಾಯವಾದದ್ದೇ, ಸತ್ತದ್ದು ಮಗು. ಆದರೆ ಆ ಇಬ್ಬರಿಗೆ ಏನು ತರಬೇತಿ ಕೊಟ್ಟಿದ್ದಿರಿ, ಯಾವ ಅಪ್ಪಣೆ ಕೊಟ್ಟಿದ್ದಿರಿ ಅಂತ ಹುದ್ದೆ ಕಟ್ಟಿದವರನ್ನು ಕೇಳಿದವರು ಕಮ್ಮಿ. ಕೆಳಗಿನ ಮೆಟ್ಟಿಲಿನವನ ಮುಖ ಬೇಗ ಕಾಣುತ್ತದೆ, ಮೆಟ್ಟಿಲು ಕಟ್ಟಿದವನ ಮುಖ ಕಾಣುವುದಿಲ್ಲ.

ಹಾಗಾದರೆ ಇವರ ಬೆಲೆ ಎಲ್ಲಿದೆ? ನಿಲ್ಲುವುದರಲ್ಲಿದೆ. ಜೀಪಿನಲ್ಲಿ ಹೋಗುವ ಪೊಲೀಸಿಗೆ ಬೀದಿ ಅಂದರೆ ಒಂದು ವಿಳಾಸ. ದಿನಾ ನಡೆದುಹೋಗುವವರಿಗೆ ಯಾವ ಮುದುಕಿಯ ಕಿಟಕಿಗೆ ಕಲ್ಲು ಬಿತ್ತು, ಯಾವ ಮನೆಯ ಹುಡುಗ ಶಾಲೆ ಬಿಟ್ಟ, ಯಾವ ಅಂಗಡಿ ಮುಂದೆ ಸಂಜೆ ಯಾರು ಸೇರುತ್ತಾರೆ ಅನ್ನುವುದು ತಿಳಿಯುತ್ತದೆ. ಹುಡುಗನನ್ನು ಹೆಸರು ಹಿಡಿದು ಕರೆಯುವುದಕ್ಕೂ ಕೊರಳಪಟ್ಟಿ ಹಿಡಿದು ಎಳೆಯುವುದಕ್ಕೂ ಇರುವ ಅಂತರ ಸಣ್ಣದಲ್ಲ. ಬರೀ ಭಾವುಕತೆ ಅಂತ ತಳ್ಳಿಹಾಕುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಪೀಟರ್‌ಬರೋ ನಗರದಲ್ಲಿ ಗಲಾಟೆ ಹೆಚ್ಚಿರುವ 72 ಜಾಗಗಳನ್ನು ಗುರುತಿಸಿ, ಅದರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ 34 ಜಾಗಗಳಿಗೆ ಈ ಸಹಾಯಕರನ್ನೇ ಹೆಚ್ಚಾಗಿ ಕಳಿಸಿ ನೋಡಿದರು. ದಿನಕ್ಕೆ ಸರಾಸರಿ 21 ನಿಮಿಷ ಹೆಚ್ಚಿಗೆ ನಡೆದದ್ದಷ್ಟೆ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಉಳಿದ ಜಾಗಗಳಿಗಿಂತ ಅಲ್ಲಿ ಅಪರಾಧದ ದೂರು ಶೇಕಡ 39ರಷ್ಟು ಕಡಿಮೆ. ಲಾಠಿ ಇಲ್ಲದೆ, ಕೋಳ ಹಾಕುವ ಹಕ್ಕಿಲ್ಲದೆ ಇದಾಯಿತು. ದಂಡಕ್ಕೆ ಹೆದರಿಯೇ ಜನ ಸುಮ್ಮನಿರುತ್ತಾರೆ ಅನ್ನುವ ಮನುವಿನ ಕಾಲದ ನಂಬಿಕೆಗೆ ಇದು ಉತ್ತರ.

ಆದರೆ ವ್ಯವಸ್ಥೆಗೆ ಈ ಬೆಲೆ ಕಾಣುವುದಿಲ್ಲ. ಹಿಡಿದ ಕಳ್ಳನನ್ನು ರಿಜಿಸ್ಟರಿಗೆ ಬರೆಯಬಹುದು, ಆಗದೆ ಹೋದ ಜಗಳವನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? 2010ರ ಹೊತ್ತಿಗೆ ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ 16,000ಕ್ಕೂ ಮಿಕ್ಕಿ ಸಹಾಯಕರಿದ್ದರು. ಆಮೇಲೆ ಸರ್ಕಾರ ಖರ್ಚಿಗೆ ಕತ್ತರಿ ಹಾಕಿತು. 2017ರ ಹೊತ್ತಿಗೆ ಉಳಿದವರು ಸುಮಾರು 10,000. ನಾರ್ಫೋಕ್ ಜಿಲ್ಲೆಯ ಪೊಲೀಸು 2018ರಲ್ಲಿ ಈ ಹುದ್ದೆಗಳನ್ನೇ ಪೂರ್ತಿ ಅಳಿಸಿಹಾಕಿತು. 2019ರಲ್ಲಿ ಸರ್ಕಾರ 20,000 ಹೊಸ ಪೊಲೀಸರನ್ನು ಸೇರಿಸಿಕೊಳ್ಳುತ್ತೇವೆ ಅಂತ ಸಾರಿತು. ಅದು ಪೂರ್ಣ ಪೊಲೀಸರ ಲೆಕ್ಕ, ಸಹಾಯಕರದಲ್ಲ. ಬಡವರ ಬೀದಿಯಲ್ಲಿ ನಂಬಿಕೆ ಬೆಳೆಯಲು ವರ್ಷಗಳು ಬೇಕು, ಕಡಿಯಲು ಒಂದು ಬಜೆಟ್ಟು ಸಾಕು.

ಇನ್ನು ನನ್ನ ದೊಡ್ಡ ತಕರಾರು. ಈ ಹುದ್ದೆಗೆ ಯಾರು ಬಂದರು? ಹೆಂಗಸರು, ಕಪ್ಪು ಜನ, ಏಷ್ಯಾದಿಂದ ಹೋದವರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಮೊದಲ ವರ್ಷಗಳಲ್ಲಿ ಲಂಡನ್ನಿನ ಸಹಾಯಕರಲ್ಲಿ ಬಿಳಿಯರಲ್ಲದವರ ಪ್ರಮಾಣ ಪೂರ್ಣ ಪೊಲೀಸರಲ್ಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು. ಒಳ್ಳೆಯದೇ ಅಲ್ಲವೆ ಅನ್ನಬಹುದು. ಆದರೆ ಅವರಿಗೆ ಸಿಕ್ಕಿದ್ದು ಯಾವ ಜಾಗ ನೋಡಿ. ಸಂಬಳ ಸಾಮಾನ್ಯವಾಗಿ ಕಡಿಮೆ, ಮೇಲೇರುವ ಮೆಟ್ಟಿಲು ಬಹುಮಟ್ಟಿಗೆ ಇಲ್ಲ. ಪೊಲೀಸಾಗಬೇಕಾದರೆ ಹೊಸದಾಗಿ ಅರ್ಜಿ ಹಾಕಬೇಕು. ಹಾಗೆ ಹೋದವರೂ ಇದ್ದಾರೆ, ನಿಜ. ಇನ್ನೊಂದು ವಿಚಿತ್ರ ಕೇಳಿ: ಅದೇ ದೇಶದಲ್ಲಿ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಸೇವೆ ಮಾಡುವ 'ಸ್ಪೆಷಲ್ ಕಾನ್‌ಸ್ಟೇಬಲ್'ಗಳಿಗೆ ಬಂಧಿಸುವ ಪೂರ್ಣ ಅಧಿಕಾರ ಇದೆ. ದಿನವೆಲ್ಲ ಬೀದಿ ಸುತ್ತಿ ಅದರಲ್ಲೇ ಹೊಟ್ಟೆ ಹೊರೆಯುವ ಸಹಾಯಕರಿಗೆ ಇಲ್ಲ. ಜಗಲಿಯವರೆಗೆ ಬಾ, ಒಳಗೆ ಬರಬೇಡ. ಈ ನಡವಳಿಕೆ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜಗಲಿಯಲ್ಲಿ ಕಪ್ಪು ಮುಖ ನಿಲ್ಲಿಸಿದ ಮಾತ್ರಕ್ಕೆ ಒಳಮನೆ ಬದಲಾಗಲಿಲ್ಲ. 2023ರಲ್ಲಿ ಲೂಯಿಸ್ ಕೇಸಿ ಅವರ ವರದಿ ಲಂಡನ್ ಪೊಲೀಸಿನ ಮೈಯಲ್ಲಿ ಜನಾಂಗದ್ವೇಷವೂ ಸ್ತ್ರೀದ್ವೇಷವೂ ಇವೆ ಅಂತ ಮತ್ತೆ ಬರೆಯಬೇಕಾಯಿತು. ಮ್ಯಾಕ್‌ಫರ್ಸನ್ ಬರೆದು ಆಗಲೇ 24 ವರ್ಷ ಕಳೆದಿತ್ತು.

ಅದಕ್ಕೆ ನಾನು ಹೇಳುವುದು ಇಷ್ಟು. ಸಮುದಾಯ ಸಹಾಯಕರ ಕೆಲಸ ಪ್ಲಾಸ್ಟಿಕ್ಕಲ್ಲ, ಪೊಲೀಸಿನ ಕೆಲಸಗಳಲ್ಲೆಲ್ಲ ಮನುಷ್ಯರಿಗೆ ಹತ್ತಿರವಾದ ಕೆಲಸ ಅದು. ಅದನ್ನು ಮಾಡುವವರನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದ್ದೇ ತಪ್ಪು. ಜನರ ಮಾತು ಕೇಳುವವರಿಗೆ ಅಧಿಕಾರ ಇಲ್ಲ, ಅಧಿಕಾರ ಇರುವವರಿಗೆ ಜನರ ಮಾತು ಕೇಳಲು ಪುರುಸೊತ್ತಿಲ್ಲ ಅಂದರೆ ಅದು ಸುಧಾರಣೆ ಹೇಗಾಯಿತು?

ನಮ್ಮಲ್ಲೂ 'ಜನಸ್ನೇಹಿ' ಅನ್ನುವ ಮಾತು ಠಾಣೆಗಳಿಗೆ ಬಂದಿದೆ. 2017ರಲ್ಲಿ ಕರ್ನಾಟಕದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದು, ಒಬ್ಬೊಬ್ಬ ಪೇದೆಗೆ ಒಂದೊಂದು ಪ್ರದೇಶ ವಹಿಸಿದ್ದೂ ಆಯಿತು. ಬರಲಿ, ಬೇಡ ಅನ್ನುವುದಿಲ್ಲ. ಬಂದವನನ್ನು ಕೂರಿಸಿ, ನೀರು ಕೊಟ್ಟು, ಮೂರು ಮಾತು ಕೇಳೋಣ. ಅಣ್ಣಾ, ನೀನು ಊರಿಗೆ ಬಂದಾಗ ಗೌಡರ ಜಗಲಿಯಿಂದ ಹಿಂದಕ್ಕೆ ಹೋಗುತ್ತೀಯೋ, ಕೇರಿಯ ಕೊನೆ ಮನೆಯವರೆಗೂ ಬರುತ್ತೀಯೋ? ನಾವು ಹೇಳಿದ್ದನ್ನು ನೀನು ಬರೆದುಕೊಂಡರೆ ನಿನ್ನ ಸಾಹೇಬ ಅದನ್ನು ಓದುತ್ತಾನೋ? ನಮ್ಮ ಮಕ್ಕಳ ಹೆಸರು ನಿನಗೆ ಬಾಯಿಪಾಠ ಆಗುವ ಹೊತ್ತಿಗೆ ನೀನು ಇಲ್ಲೇ ಇರುತ್ತೀಯೋ, ಇಲ್ಲ ನಿನ್ನನ್ನು ಎತ್ತಂಗಡಿ ಮಾಡಿರುತ್ತಾರೋ?

ಅವನು ಕೊಡುವ ಉತ್ತರ ನೋಡಿಕೊಂಡು, ಮುದುಕ ಕಂಕುಳ ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳಬಹುದೋ ಇಲ್ಲವೋ ತೀರ್ಮಾನಿಸಲಿ.